ಜಯತೀರ್ಥರು ಮೂರು ಸಲ ನೋಡಿದ ಓಟ

ಜಯತೀರ್ಥರ ಚಳಿಗಾಲದ ಕೋಟಿಗೆ ಒಂಬತ್ತು ವರ್ಷವಾಯಿತು, ಅದರ ಬೆಲೆಯ ಟ್ಯಾಗ್ ಇನ್ನೂ ಕತ್ತರಿಸಿಲ್ಲ. ಎಡತೋಳಿನೊಳಗೆ ಮಡಚಿಟ್ಟ ಆ ರಟ್ಟಿನ ಚೂರು, ಅವರು ಕೈಯೆತ್ತಿದಾಗಲೆಲ್ಲ ಇಣುಕಿ, ಲೋಕವನ್ನೊಮ್ಮೆ ಪರೀಕ್ಷಿಸಿ ಒಳಗೆ ಸೇರುತ್ತದೆ. ವಾಪಸ್ ಕೊಡೋಣವೆಂದರೂ ಕೊಂಡ ಅಂಗಡಿಯೇ ಮುಚ್ಚಿಹೋಗಿದೆಯಲ್ಲ ಎಂದರೆ, "ಮುಚ್ಚಿದ್ದು ಖರೇ ಅಂತ ಯಾರಿಗೆ ಗೊತ್ತರೀ?" ಎನ್ನುತ್ತಾರೆ. ಅಮೆರಿಕದ ವುಡ್‌ಬ್ರಿಡ್ಜಿನ ತಮ್ಮ ಮನೆಗೆ ಬೀಗ ಹಾಕಿ, ಮೂರು ಹೆಜ್ಜೆ ನಡೆದು, ತಿರುಗಿ ಬಂದು ಬೀಗ ಜಗ್ಗಿ ನೋಡುವ ಈ ಧಾರವಾಡದ ಮಹಾನುಭಾವರ ಜೊತೆ ನಾನು ಹನ್ನೆರಡು ವರ್ಷ ಜರ್ಸಿ ಸಿಟಿಯ ಆಫೀಸಿಗೆ ದಿನಾ ರೈಲಿನಲ್ಲಿ ಕಮ್ಯೂಟ್ ಮಾಡಿದ್ದೇನೆ. ಅದರಲ್ಲಿ ಒಂದು ವರ್ಷವಾದರೂ ಆ ಬೀಗದ ಮುಂದೆಯೇ ಕಳೆದಿರಬೇಕು.

ಇಂಥವರ ಒಬ್ಬನೇ ಮಗ ಕುಶ್, ಅಮೆರಿಕನ್ ಫುಟ್‌ಬಾಲಿನ ದೊಡ್ಡ ತಂಡವೊಂದರ ಪ್ರಾಕ್ಟೀಸ್ ಸ್ಕ್ವಾಡ್ ಸೇರಿಬಿಟ್ಟ. ಐವತ್ಮೂರು ಜನರ ಮುಖ್ಯ ಪಟ್ಟಿಯ ಆಚೆಗಿನ ಹದಿನಾರು ಚಿಲ್ಲರೆ ಮಂದಿಯಲ್ಲಿ ಅವನೊಬ್ಬ. ವಾರವಿಡೀ ಅಭ್ಯಾಸ ಉಂಟು, ಸಂಬಳ ಉಂಟು, ಮೈತುಂಬ ಪೆಟ್ಟುಂಟು. ಮೇಲಿನವರು ಕರೆಯದ ಹೊರತು ಭಾನುವಾರದ ಪಂದ್ಯ ಮಾತ್ರ ಇಲ್ಲ. ಯಾವ ದಿನ ಬೇಕಾದರೂ ಮನೆಗೆ ಕಳಿಸಬಹುದಾದ ಕೆಲಸವೆಂದು ಹುಡುಗ ಬೇರೆ ಮನೆ ಹಿಡಿಯದೆ ಅಪ್ಪನ ಬೇಸ್‌ಮೆಂಟಿನಲ್ಲೇ ಇದ್ದ. ಅಂದರೆ, ಪತ್ತೇದಾರನ ಮನೆಯಲ್ಲೇ ಬಿಡಾರ.

ಜಯತೀರ್ಥರು ಭಾನುವಾರಗಳಂದು ಟೀವಿಗೆ ಮೂಗು ತಾಗಿಸಿ ಒಂದೊಂದು ಹೆಲ್ಮೆಟ್ಟನ್ನೂ ತಪಾಸಣೆ ಮಾಡಿದರು. ಮಗನಿಲ್ಲ. "ತಂಡದಾಗ ಅದಾನಂತ, ಆಟದಾಗ ಇಲ್ಲಂತ. ದಿನಾ ಮುಂಜಾನೆ ಕಾರ್ ತಗೊಂಡು ಎಲ್ಲಿಗೆ ಹೋಗ್ತಾನಿಂವ?" ಎಂದು ರೈಲಿನಲ್ಲಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಅಕ್ಟೋಬರಿನಲ್ಲಿ ಮಗನ ಚೀಲವನ್ನು ಕಸ್ಟಮ್ಸ್ ಅಧಿಕಾರಿಯ ಶ್ರದ್ಧೆಯಿಂದ ಶೋಧಿಸಿದಾಗ ಸಿಕ್ಕಿದ್ದು ಬರುವ ಭಾನುವಾರದ ಎದುರಾಳಿ ತಂಡದ ಓಟಗಾರನ ಇಪ್ಪತ್ತೇಳನೆಯ ನಂಬರಿನ ಮೇಲಂಗಿ. ಶತ್ರುವಿನ ಅಂಗಿ! ಪ್ರಾಕ್ಟೀಸ್ ಸ್ಕ್ವಾಡಿನ ಮುಖ್ಯ ಕೆಲಸವೇ ಅದೆಂದು ಕುಶ್ ತಾಳ್ಮೆಯಿಂದ ವಿವರಿಸಿದ: ಈ ವಾರ ತಾನೇ ಆ ಇಪ್ಪತ್ತೇಳು, ತಾನು ಅವನಂತೆಯೇ ಓಡಬೇಕು, ತಮ್ಮವರು ತನ್ನನ್ನು ಕೆಡವಿ ಕೆಡವಿ ಅವನನ್ನು ಕೆಡವಲು ಕಲಿಯಬೇಕು. ಬಯಲಾಟದ ತಾಲೀಮಿನಲ್ಲೆಲ್ಲ ರಾಕ್ಷಸನಾಗಿ ಒದೆ ತಿಂದವನಿಗೆ ಆಟದ ದಿನ ಬಣ್ಣವೇ ಇಲ್ಲವೆಂದ ಹಾಗಾಯಿತು. ಜಯತೀರ್ಥರು ಒಂದಕ್ಷರವನ್ನೂ ನಂಬಲಿಲ್ಲ. ಈಚೆಗೆ ಮನೆಮುಂದಿನ ಡ್ರೈವ್‌ವೇಯಲ್ಲಿ ಮಗ ನಡೆಯುವ ರೀತಿಯೇ ವಾರಕ್ಕೊಂದಾಗಿರುವುದನ್ನು ಅವರು ಅಡುಗೆಮನೆಯ ಕಿಟಕಿಯಿಂದ ಮೊದಲೇ ಗುರುತಿಸಿ, ಅದನ್ನೂ ಸಂಶಯದ ಖಾತೆಗೆ ಸೇರಿಸಿದ್ದರು.

"ಬರೋ ಭಾನುವಾರ ಮೈದಾನದಾಗ ಕಾಣಿಸು. ಇಲ್ಲಾ, ಬಿಟ್ಟು ಬಂದು ನಮ್ಮ ಆಫೀಸಿನಾಗ ಕೂಡು," ಎಂದು ತೀರ್ಪು ಕೊಟ್ಟು, ನೌಕರಿಯ ಅರ್ಜಿಯನ್ನೂ ಪ್ರಿಂಟ್ ತೆಗೆದಿಟ್ಟರು.

ಆ ಭಾನುವಾರದ ಪಂದ್ಯ ಪರವೂರಿನಲ್ಲಿ. ಮೇಲಿನಿಂದ ಕರೆ ಬರಲಿಲ್ಲ. ಕುಶ್‌ನನ್ನು ಪ್ರಯಾಣಕ್ಕೂ ಕರೆದೊಯ್ಯಲಿಲ್ಲ. ಅವನು ಸೋಫಾದ ತುದಿಯಲ್ಲಿ ಮೊಣಕಾಲಿಗೆ ಐಸ್ ಇಟ್ಟುಕೊಂಡು ಕೂತಿದ್ದ. ಜಯತೀರ್ಥರ ಹೆಂಡತಿ ಕೌಸಲ್ಯಾ ತಂದಿಟ್ಟ ಚಕ್ಕುಲಿಯನ್ನು, ಪಂದ್ಯ ನೋಡಲು ಬಂದಿದ್ದ ನಾನೊಬ್ಬನೇ ತಿನ್ನುತ್ತಿದ್ದೆ. ಟೀಪಾಯಿಯ ಮೇಲೆ ಅರ್ಜಿ, ಅದರ ಮೇಲೆ ಪೆನ್ನು.

ಕೊನೆಯ ಕೆಲವೇ ನಿಮಿಷ. ಚೆಂಡು ಆ ಇಪ್ಪತ್ತೇಳರ ಕೈಗೆ ಬಂತು. ಅವನು ಹೆಜ್ಜೆ ಬದಲಿಸುವ ಮೊದಲೇ ಜಯತೀರ್ಥರು ಕುರ್ಚಿಯಿಂದ ಅರ್ಧ ಎದ್ದರು.

"ಎಡಾ ಭುಜ ಇಳಿಸಿದ. ಬಲಕ್ಕ ಹೋಗ್ತಾನ."

ಅವನು ಬಲಕ್ಕೇ ಹೋದ. ನಮ್ಮ ತಂಡದ ದೈತ್ಯನೊಬ್ಬ, ಅಡುಗೆಮನೆಯ ಅದೇ ಕಿಟಕಿಯಲ್ಲಿ ತಾನೂ ನಿಂತು ನೋಡಿದ್ದವನಂತೆ, ಮೊದಲೇ ಅಲ್ಲಿ ಹೋಗಿ ನಿಂತು ಅವನನ್ನು ನೆಲಕ್ಕೆ ಒರಗಿಸಿದ.

ಜಯತೀರ್ಥರು ಟೀವಿಯಿಂದ ಸೋಫಾದತ್ತ ತಿರುಗಿದರು. "ಅದು ನಿನ್ನ ಓಟ ಅಲ್ಲೇನೋ?"

"ಅವನದೇ ಅಪ್ಪಾ. ಐ ಜಸ್ಟ್ ಡಿಡ್ ಇಟ್ ಆಲ್ ವೀಕ್," ಎಂದ ಕುಶ್, ಐಸ್ ಸರಿಪಡಿಸಿಕೊಳ್ಳುತ್ತ.

ಅವರು ರಿಮೋಟ್ ಕಸಿದುಕೊಂಡು ಆ ಓಟವನ್ನು ಹಿಂದಕ್ಕೆ ಓಡಿಸಿ ನೋಡಿದರು, ಬೀಗ ಜಗ್ಗಿದ ಹಾಗೆ, ಮೂರು ಸಲ. ಆಮೇಲೆ ಅರ್ಜಿಯನ್ನು ಮಡಚಿ ಕೋಟಿನ ಒಳಜೇಬಿಗೆ ಸೇರಿಸಿದರು. ಹರಿಯಲಿಲ್ಲ, ಅಷ್ಟು ನಂಬಿಕೆ ಅವರ ಜಾತಕದಲ್ಲೇ ಇಲ್ಲ. "ಮುಂದಿನ ವಾರ ಯಾರಾಗ್ತಿ?" ಎಂದಷ್ಟೇ ಕೇಳಿದರು.

ನಮ್ಮಂಥ ನಂಬುವ ಜನ ಮಕ್ಕಳ ಮಾತಿಗೆ ತಲೆಯಾಡಿಸಿ ಚಕ್ಕುಲಿಗೆ ಕೈಹಾಕುತ್ತೇವೆ. ಆ ಮಕ್ಕಳು ಹೇಗೆ ನಡೆಯುತ್ತಾರೆಂದು ಕಣ್ಣೆತ್ತಿ ನೋಡುವುದಿಲ್ಲ. ಸಂಶಯದ ಜಾತಿಯವರು ಮಾತ್ರ ಕಿಟಕಿಯ ಬಳಿ ನಿಂತೇ ಇರುತ್ತಾರೆ. ಅದಕ್ಕೇ ಇರಬೇಕು, ಮೈದಾನದಲ್ಲೇ ಇಲ್ಲದ ಮಗನನ್ನು ಮೈದಾನದಲ್ಲಿ ಕಾಣುವ ಯೋಗವೂ ಅವರಿಗೇ ಒದಗುತ್ತದೆ.