ಫಿಂಟಾಸಿನ ಜ್ಯೂರಿ

"ನೀನು ಕಣ್ಣಲ್ಲಿ ಕಂಡದ್ದುಂಟಾ ಲ್ಯಾನ್ಸಿ? ಇಲ್ಲ ಅಲ್ವಾ? ಮತ್ತೆ ಬಾಯಿ ಮುಚ್ಚು!"

ದೇಜಪ್ಪ ಟೀಪಾಯಿಗೆ ಗುದ್ದಿದ ರಭಸಕ್ಕೆ ಚಹಾದ ಕಪ್ಪುಗಳು ಕುಣಿದವು.

"ಬಾಯಿ ಮುಚ್ಚಲಿಕ್ಕೆ ಇದು ನಿನ್ನ ಮನೆಯಲ್ಲ ಮಾರಾಯಾ," ಎಂದ ಲ್ಯಾನ್ಸಿ. "ತಾಹಿರ್ ಅಲ್ಲದಿದ್ರೆ ಮತ್ಯಾರು? ಪ್ರತಿ ಶುಕ್ರವಾರ ಲಾಯ್ಡ್‌ನ ಪಾತ್ರೆ ಹೊತ್ತದ್ದು ಯಾರ ವ್ಯಾನು? ಮೀನು ಸಾರು ಚೆಲ್ಲಿತು ಅಂತ ಇಬ್ಬರೂ ಕಾಲರ್ ಹಿಡ್ಕೊಂಡದ್ದು ಯಾರಿಗೆ ಗೊತ್ತಿಲ್ಲ?"

ಲಾಯ್ಡ್ ಒಂದು ಕಂಪನಿಯಲ್ಲಿ ಗುಮಾಸ್ತನಾಗಿದ್ದ. ಶುಕ್ರವಾರದ ರಜೆಯ ದಿನ ಊರಿನವರ ಸಮಾರಂಭಗಳಿಗೆ ಅಡುಗೆ ಮಾಡುತ್ತಿದ್ದ. ವೀಸಾ ಕೊಟ್ಟ ಧಣಿಯನ್ನು, ಅಂದರೆ ಕಫೀಲನನ್ನು, ಬಿಟ್ಟು ಬೇರೆಯವರಿಗೆ ದುಡಿಯುವುದು ಈ ಕೊಲ್ಲಿ ದೇಶದಲ್ಲಿ ಅಪರಾಧ. ಯಾರೋ ಆ ಸುದ್ದಿಯನ್ನು ಕಫೀಲನ ಕಿವಿಗೆ ಹಾಕಿದರಂತೆ. ವಾಸದ ಪರವಾನಗಿ ಇಕಾಮಾ ರದ್ದಾಗಿ ಹತ್ತು ದಿನದೊಳಗೆ ಲಾಯ್ಡ್ ಮಂಗಳೂರು ಸೇರಿದ್ದ.

ಇಂಥದ್ದನ್ನು ಪೊಲೀಸರಿಗೆ ಹೇಳುವಂತಿಲ್ಲ. ಹಾಗಾಗಿ ಊರಿನವರ ಸಂಘದ ಅಧ್ಯಕ್ಷ ಲ್ಯಾನ್ಸಿ ಶುಕ್ರವಾರ ಮಧ್ಯಾಹ್ನ ಫಿಂಟಾಸಿನ ತನ್ನ ಮನೆಯಲ್ಲೇ ಜ್ಯೂರಿ ಕೂರಿಸಿದ್ದ. ಮಗ ಶೇನ್ ಶಾಲೆಯ ಅಣಕು ಕೋರ್ಟಿನಿಂದ ಕಲಿತು ಬಂದು ಹೇಳಿದ್ದ: ಹನ್ನೆರಡು ಮಂದಿ ಬೇಕು, ಅವರಿಗೆ ಆರೋಪಿಯ ಪರಿಚಯ ಇರಬಾರದು, ಎಲ್ಲರೂ ಒಂದೇ ತೀರ್ಪು ಕೊಡಬೇಕು. ಸಿಕ್ಕಿದವರು ಐವರು. ಲ್ಯಾನ್ಸಿ, ಅವನ ಹೆಂಡತಿ ಮರ್ಸಿ, ಎದುರು ಮನೆಯ ನರ್ಸ್ ವಾರಿಜಾ, ಕೆಳಗಿನ ಮಹಡಿಯ ಗ್ಲೆನ್ ಮತ್ತು ದೇಜಪ್ಪ. ಮರ್ಸಿಗೆ ಲಾಯ್ಡ್ ಚಿಕ್ಕಮ್ಮನ ಮಗ. ಐವರ ಮಕ್ಕಳನ್ನೂ ಶಾಲೆಗೆ ಬಿಡುವವನು ತಾಹಿರ್. ಆ ಕಟ್ಟಡದ ಹದಿನಾಲ್ಕು ಮಕ್ಕಳು ಬಿಟ್ಟರೆ ಅವನಿಗೆ ಬೇರೆ ಬಾಡಿಗೆಯೇ ಇಲ್ಲ. ತೀರ್ಪು ಅವನ ವಿರುದ್ಧ ಬಂದರೆ ಅವನ ಅನ್ನ ಖಲಾಸ್. ಅವನನ್ನು ಅಡುಗೆಮನೆಯಲ್ಲಿ ಕೂರಿಸಿ ಬಾಗಿಲು ಎಳೆದಿದ್ದರು.

ದೇಜಪ್ಪನಿಗೂ ತಾಹಿರ್ ಮೇಲೆ ಸಂಶಯ ಇಲ್ಲದಿರಲಿಲ್ಲ. ಆದರೆ ತಾನು ಚಪ್ಪಲಿ ಕಳಚುವ ಮೊದಲೇ ನಾಲ್ವರೂ ಒಂದೇ ಪಾಠ ಒಪ್ಪಿಸಿದ್ದು ಅವನ ತಲೆ ಕೆಡಿಸಿತ್ತು. ಇವರು ಮೊದಲೇ ಮಾತಾಡಿಕೊಂಡಿದ್ದಾರೆ. ಯಾಕೆ?

"ತಾಹಿರ್‌ನ ಹಾಗೆ ಉಳ್ಳಾಲದ ಬ್ಯಾರಿಗಳು ಇಲ್ಲಿ ಎಷ್ಟು ಜನ ಇಲ್ಲ? ಒಬ್ಬನನ್ನಾದರೂ ಕೂರಿಸಬಾರದಿತ್ತಾ?" ಎಂದು ಕೇಳಿದ.

"ಅವರು ಅವನ ಪರವೇ ಮಾತಾಡೋದು," ಎಂದ ಗ್ಲೆನ್.

"ಮರ್ಸಿಬಾಯಿ ಯಾರ ಪರ?"

"ಪರಿಚಯ ಇಲ್ಲದವರೇ ಬೇಕಾದ್ರೆ ಬೀದಿ ಮೂಲೆಯ ಈಜಿಪ್ಟಿನ ಕ್ಷೌರಿಕನನ್ನು ಕರೀಬೇಕಷ್ಟೇ," ಎಂದು ವಾರಿಜಾ ನಕ್ಕಳು. ಯಾರೂ ಜೊತೆಗೆ ನಗಲಿಲ್ಲ.

ಮರ್ಸಿ ಚಹಾದ ಫ್ಲಾಸ್ಕ್ ಎತ್ತಿದಳು. ಅದರ ಕೆಳಗೆ ಹಾಸಿದ್ದು ಸಂಘದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆ. ಫ್ಲಾಸ್ಕಿನ ಒದ್ದೆ ಉಂಗುರದೊಳಗಿಂದ ಲಾಯ್ಡ್ ಸೌಟು ಹಿಡಿದು ನಗುತ್ತಿದ್ದ.

ದೇಜಪ್ಪ ಅದನ್ನು ಕಸಿದುಕೊಂಡು ಕಣ್ಣಿನ ಹತ್ತಿರ ಹಿಡಿದ. ಚಿತ್ರದ ಕೆಳಗೆ ಕನ್ನಡ, ಇಂಗ್ಲಿಷು ಎರಡರಲ್ಲೂ ಅಚ್ಚಾಗಿತ್ತು: ‘ಮೂರು ವರ್ಷಗಳಿಂದ ನಮ್ಮೆಲ್ಲ ಸಮಾರಂಭಗಳ ಬಾಣಸಿಗ ಲಾಯ್ಡ್ ಅವರಿಗೆ ಕೃತಜ್ಞತೆಗಳು.’ ಎದುರು ಪುಟದ ತುಂಬ ಲಾಯ್ಡ್‌ನ ಕಫೀಲನ ಕಂಪನಿಯ ಜಾಹೀರಾತು.

ಜಾಹೀರಾತು ಕೊಟ್ಟವರಿಗೆ ಸಿಹಿತಿಂಡಿಯ ಜೊತೆ ಮೂರು ಪ್ರತಿ ತಲುಪಿಸುವುದು ಸಂಘದ ರೂಢಿ. ಆ ಆಫೀಸಿಗೆ ಹೋಗಿ ಕೊಟ್ಟು ಬಂದವನು ದೇಜಪ್ಪನೇ. ಸೋಮವಾರ ಕೊಟ್ಟಿದ್ದ. ಬುಧವಾರ ಲಾಯ್ಡ್‌ನನ್ನು ಕರೆಸಿದ್ದರು.

"ಯಾರೂ ಚಾಡಿ ಹೇಳಿಲ್ಲ," ಎಂದ. ಸ್ವರ ತಗ್ಗಿತ್ತು. "ನಾವೇ ಅಚ್ಚು ಹಾಕಿಸಿ, ಲಾಡು ಇಟ್ಟು ಕೊಟ್ಟಿದ್ದೇವೆ. ನನ್ನ ಕೈಯಿಂದಲೇ ಹೋದದ್ದು."

ಪುಸ್ತಕ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಸಂಪಾದಕ ಎಂದು ಮೊದಲ ಪುಟದಲ್ಲಿ ಲ್ಯಾನ್ಸಿಯ ಹೆಸರಿತ್ತು, ಕೋಟು ತೊಟ್ಟ ಫೋಟೊ ಸಮೇತ. ಅವನು ಪುಸ್ತಕ ಮುಚ್ಚಿ ತೊಡೆಯ ಕೆಳಗೆ ಸೇರಿಸಿಕೊಂಡ.

"ಅರಬರು ಇದನ್ನೆಲ್ಲ ಓದ್ತಾರಾ? ಇದು ಈ ಕೇಸಿಗೆ ಬರೋದಿಲ್ಲ."

"ಬರೋದಿಲ್ವಾ? ಮೊದಲೇ ಗೊತ್ತಿತ್ತು ನಿಂಗೆ! ಅದಕ್ಕೇ ಈ ನಾಟಕ!" ಎಂದು ದೇಜಪ್ಪ ಕಿರುಚಿದ.

"ಊರಿಗೆಲ್ಲ ಏನಂತ ಹೇಳೋದು? ಸಂಘವೇ ಲಾಯ್ಡ್‌ನನ್ನು ಓಡಿಸ್ತು ಅಂತಲಾ? ನಾವು ನಾಲ್ಕು ಜನ ಒಪ್ಪಿದ್ದೇವೆ. ಸಾಕು."

"ಎಲ್ಲರೂ ಒಪ್ಪಬೇಕು ಅಂದದ್ದು ನಿನ್ನ ಮಗನೇ! ನಾನು ಸತ್ತರೂ ಒಪ್ಪೋದಿಲ್ಲ."

ವಾರಿಜಾ ನೆಲ ನೋಡುತ್ತ ಹೇಳಿದಳು, "ಶಿಕ್ಷೆ ಅಂತ ಬೇಡ. ಎರಡು ತಿಂಗಳು ಮಕ್ಕಳನ್ನು ನಾವೇ ಬಿಡುವ. ಮತ್ತೆ ನೋಡಿದರಾಯ್ತು."

ಮರ್ಸಿ, ಗ್ಲೆನ್ ಇಬ್ಬರೂ ತಲೆಯಾಡಿಸಿದರು.

ಅಡುಗೆಮನೆಯ ಬಾಗಿಲು ತೆರೆಯಿತು. ತಾಹಿರ್ ಬಂದು ಮಕ್ಕಳ ನೀರಿನ ಬಾಟಲಿಯೊಂದನ್ನು ಟೀಪಾಯಿಯ ಮೇಲಿಟ್ಟ.

"ಶೇನ್‌ನದ್ದು. ಸೀಟಿನ ಅಡಿಯಲ್ಲಿತ್ತು. ಮೂರು ದಿನದಿಂದ ಹುಡುಕ್ತಿದ್ದ ಪಾಪ."

ಚಪ್ಪಲಿ ಮೆಟ್ಟಿ ಹೊರಟವನ ಹಿಂದೆ ದೇಜಪ್ಪ ಮೆಟ್ಟಿಲವರೆಗೆ ಓಡಿದ.

"ನಿಲ್ಲು ತಾಹಿರ್! ನಾನು ಒಪ್ಪಲಿಲ್ಲ ಮಾರಾಯಾ, ನೀನೇ ಕೇಳಿದಿಯಲ್ಲ!"

ತಾಹಿರ್ ತಿರುಗಿ ನೋಡಿದ. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ಕೇಳಿದೆ ಅಣ್ಣಾ. ಆದ್ರೆ ಕಳೆದ ಭಾನುವಾರದಿಂದ ನಿಮ್ಮ ಮಗಳು ನವ್ಯಶ್ರೀಯನ್ನು ನೀವೇ ಕಾರಲ್ಲಿ ಬಿಡ್ತಾ ಇದ್ರಲ್ಲ. ಐದು ದಿನ. ಅದು ಯಾವ ಜ್ಯೂರಿಯ ತೀರ್ಪು?"

ತಾಹಿರ್ ಮೆಟ್ಟಿಲಿಳಿದು ಹೋದ. ಕೆಳಗೆ ವ್ಯಾನಿನ ಬಾಗಿಲು ಹಾಕಿದ ಸದ್ದು ಕೇಳಿತು.

ಮರುದಿನವೇ ಅವನು ಬೇರೆ ಬಾಡಿಗೆ ಹುಡುಕಿ ವ್ಯಾನ್ ತಿರುಗಿಸಿಕೊಂಡು ದೂರದ ಮೈದಾನ್ ಹವಲ್ಲಿ ಬಡಾವಣೆಯ ಕಡೆಗೆ ಹೋದನೆಂದು ಯಾರೋ ಹೇಳಿದರು. ವಾರದ ಶಾಲೆ ಶುರುವಾಗುವ ಭಾನುವಾರ ಬೆಳಿಗ್ಗೆ ದೇಜಪ್ಪ ಕಾರಿನ ಕೀಲಿ ಮುಟ್ಟದೆ ಮಗಳ ಕೈ ಹಿಡಿದು ಕೆಳಗೆ ಬಂದು ನಿಂತ. ಶಾಲೆಯ ಗಂಟೆಯ ಹೊತ್ತು ಮೀರಿತು. ತಾಹಿರ್ ಬರಲಿಲ್ಲ.