ಬಟ್ಟಿನ ಮೇಲಿನ ಪೆನ್ಸಿಲ್ ಗೆರೆ

ನಾನು ಒಂದು ಬೇಟೆಯ ರೈಫಲ್. ಕಾರ್ಖಾನೆಯೊಂದರಲ್ಲಿ ನನ್ನ ನಳಿಗೆ ತಯಾರಾಯಿತು. ಭುಜಕ್ಕೆ ಆನಿಸುವ ಬಟ್ಟನ್ನು ಅಕ್ರೋಟು ಮರದಲ್ಲಿ ಕೆತ್ತಿದರು. ಮನುಷ್ಯರ ಪರಿಚಯವೆಲ್ಲ ನನಗೆ ಆ ಬಟ್ಟಿನಿಂದಲೇ. ಕೆನ್ನೆ ಒತ್ತಿದ ಕೂಡಲೇ ಅವರದು ಧೈರ್ಯವೋ ಪುಕ್ಕಲೋ ನನಗೆ ತಿಳಿದುಬಿಡುತ್ತದೆ.

ನನ್ನನ್ನು ಕೊಡಗಿಗೆ ತಂದವರು ಬೆಳ್ಯಪ್ಪ. ಅವರ ಜೊತೆ ಕಾಡುಕೋಳಿ, ಮೊಲ ಅಂತ ಸುತ್ತಿದ್ದೇ ಸುತ್ತಿದ್ದು. ಬೇಟೆ ನಿಷೇಧವಾದ ಮೇಲೆ ಅವರ ಮಗ ಉತ್ತಯ್ಯ ನನ್ನನ್ನು ಎತ್ತಿದ್ದು ತೆಂಗಿನಕಾಯಿಗೆ ಮಾತ್ರ. ಕೈಲ್ ಮುಹೂರ್ತದ ಹಬ್ಬದಲ್ಲಿ ನಮ್ಮ ಕೋವಿಗಳಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಎತ್ತರದ ಮರಕ್ಕೆ ಕಟ್ಟಿದ ಕಾಯಿಗೆ ಗುಂಡು ಹೊಡೆಯುವ ಪಂದ್ಯ. ಉತ್ತಯ್ಯ ಹೊಡೆದರೆ ಕಾಯಿ ಹೋಳು. ನನಗೂ ಜಂಬವಿತ್ತು, ಸುಳ್ಳೇಕೆ ಹೇಳಲಿ!

ಉತ್ತಯ್ಯ ತೀರಿಕೊಂಡ ಮೇಲೆ ನಾನು ಅವರ ಮಗಳು ಪೊನ್ನಮ್ಮನ ಕೈಗೆ ಬಂದೆ. ಮಹಾ ಛಲಗಾತಿ. "ಅಪ್ಪನ ರೈಫಲ್, ಅವ್ವನ ಸೀರೆ. ಎರಡನ್ನೂ ಬಿಡೋದಿಲ್ಲ, ಕಾಯಿ ಒಡೆದೇ ತೀರ್ತೇನೆ" ಎಂದಳು. ಪ್ಯಾಂಟು, ಅಂಗಿ ತೊಟ್ಟು ಅಭ್ಯಾಸ ಮಾಡಿದಳು. ಮಣ್ಣಿನ ದಿಬ್ಬಕ್ಕೆ ಒರಗಿಸಿದ ಡಬ್ಬಿಗಳೆಲ್ಲ ತೂತಾದವು. ಪಂದ್ಯದ ದಿನ ಮಾತ್ರ ನಾನು ಅವಳ ಭುಜದಲ್ಲಿ ಕೂರಲೇ ಇಲ್ಲ. ಒಂದು ಗುಂಡೂ ಕಾಯಿಗೆ ತಾಗಲಿಲ್ಲ. ಅವಳು ಮನೆಗೆ ಬಂದು ಅತ್ತಳು.

ಮುಂದಿನ ಹಬ್ಬ ಹತ್ತಿರವಾದಾಗ ಫೇಸ್‌ಬುಕ್ಕಿನ ಕೋವಿ ಗುಂಪಿನಲ್ಲಿ ಕೇಳಿದಳು: "ಅಭ್ಯಾಸದಲ್ಲಿ ಸರಿ ಇತ್ತು. ಪಂದ್ಯದಲ್ಲಿ ರೈಫಲ್ ಉದ್ದ ಅನ್ನಿಸ್ತು. ಏನು ಮಾಡಲಿ?"

ಅಬ್ಬಾ, ಬಂದವು ನೋಡಿ ಉತ್ತರಗಳು! ನನಗೆ ಎಣ್ಣೆ ಒರೆಸುತ್ತಾ ಅವಳು ತಾಯಿಗೆ ಓದಿ ಹೇಳುತ್ತಿದ್ದಳು. "ಬಟ್ಟು ಒಂದಂಗುಲ ಕುಯ್ಸಿ." "ಹೌದು, ನಾನೂ ಕೇಳಿದ್ದೇನೆ." "ವಿಡಿಯೋದಲ್ಲಿ ಹಾಗೇ ಹೇಳಿದ್ದಾರೆ, ಹೆಂಗಸರಿಗೆ ಅದೇ ಸರಿ." ಇವರಲ್ಲಿ ಒಬ್ಬನಾದರೂ ನನ್ನನ್ನು ಮುಟ್ಟಿದ್ದನೇ? ಒಬ್ಬ ಕೇಳಿದ್ದನ್ನು ಹೇಳಿದ, ಇನ್ನೊಬ್ಬ ಅದಕ್ಕೆ ಲೈಕ್ ಒತ್ತಿದ, ನನ್ನ ಒಂದಂಗುಲ ಹೋದಂತೆಯೇ!

ಪೊನ್ನಮ್ಮ ಕರೆಸಿದ ಬಡಗಿ ರಾಘವಾಚಾರಿ ಬಂದು ಬಟ್ಟಿನ ಮೇಲೆ ಪೆನ್ಸಿಲ್ ಗೆರೆ ಎಳೆದರು. "ನಾಳೆ ತನ್ನಿ, ಕುಯ್ದು ಕೊಡ್ತೇನೆ. ಆಮೇಲೆ ಬೇಡ ಅಂದ್ರೆ ಅಂಟಿಸೋಕಾಗಲ್ಲ, ನೋಡಿ." ನನಗೆ ಕೈಕಾಲಿಲ್ಲ, ಇದ್ದಿದ್ದರೆ ಓಡಿಹೋಗುತ್ತಿದ್ದೆ. ಉತ್ತಯ್ಯನ ಭುಜ ಒತ್ತಿ ಒತ್ತಿ ನುಣುಪಾದ ಜಾಗವೇ ಅದು.

ಸಂಜೆ ಇನ್ನೊಂದು ಉತ್ತರ ಬಂತು, ಗುರುತಿಲ್ಲದ ಹೆಂಗಸೊಬ್ಬರದು. "ನಿಮ್ಮ ರೈಫಲ್ ನಾನು ಹಿಡಿದಿಲ್ಲ, ಹಾಗಾಗಿ ನನಗೆ ಗೊತ್ತಿಲ್ಲ. ಕುಯ್ಯುವ ಮುಂಚೆ, ಪಂದ್ಯದ ದಿನ ಹೇಗಿದ್ದಿರೋ ಹಾಗೇ ನಿಂತು ಒಮ್ಮೆ ನೋಡಿ." ಅದಕ್ಕೆ ಒಂದು ಲೈಕೂ ಇರಲಿಲ್ಲ.

"ಹಾಗೇ ಅಂದ್ರೆ ಸೀರೆ ಉಟ್ಟೇ ಅಲ್ವಾ, ಅವ್ವ?"

"ಮತ್ತೆ? ಪ್ಯಾಂಟಲ್ಲಿ ಹೋಗಿದ್ದೆಯಾ?"

ಪೊನ್ನಮ್ಮ ಸೀರೆ ಉಟ್ಟಳು. ಕೊಡಗಿನ ಸೀರೆ ಗೊತ್ತಲ್ಲ: ನಿರಿಗೆ ಬೆನ್ನ ಹಿಂದೆ, ಸೆರಗು ಎಡಗಂಕುಳ ಕೆಳಗಿನಿಂದ ಬಂದು ಬಲಭುಜದ ಮೇಲೆ ಗಂಟು. ನನ್ನೊಳಗೆ ಗುಂಡಿಲ್ಲವೆಂದು ಖಾತ್ರಿ ಮಾಡಿಕೊಂಡು ಎತ್ತಿದಳು. ನಾನು ಹೋಗಿ ಕೂತದ್ದು ನೇರ ಆ ಗಂಟಿನ ಮೇಲೆ!

"ಅಯ್ಯೋ ಅವ್ವಾ, ಉದ್ದ ಆಗಿರೋದು ರೈಫಲ್ ಅಲ್ಲ, ಅಡ್ಡ ಬರ್ತಿರೋದು ಈ ಗಂಟು!"

ತಾಯಿ ನಕ್ಕರು. "ಜೀವಮಾನವಿಡೀ ಸೀರೆ ಉಟ್ಟೆ, ಕೋವಿ ಎತ್ತಿದವಳಲ್ಲ. ನನಗೆ ಹೇಗೆ ಹೊಳೀಬೇಕು?" ಎನ್ನುತ್ತಾ ಗಂಟನ್ನು ಬಿಚ್ಚಿ, ಸೆರಗನ್ನು ಕತ್ತಿನ ಕಡೆಗೆ ಸರಿಸಿ ಪಿನ್ನು ಹಾಕಿದರು. ಪೊನ್ನಮ್ಮ ಮತ್ತೆ ಎತ್ತಿದಳು. ತೋಳು ಸೋಲುವವರೆಗೆ ಎತ್ತಿದಳು, ಇಳಿಸಿದಳು. ಆಚಾರಿಯ ಮನೆಗೆ ನಾವು ಹೋಗಲಿಲ್ಲ.

ಪಂದ್ಯದಲ್ಲಿ ಮೊದಲ ಗುಂಡು ಮರದ ತೊಗಟೆ ಹಾರಿಸಿತು. ಅವಳು ಉಸಿರು ಬಿಟ್ಟು, ಮತ್ತೆ ಹಿಡಿದಳು. ಎರಡನೆಯದಕ್ಕೆ ಕಾಯಿ ಸಿಡಿದು ನೀರು ಸುರಿಯಿತು. ಗೆದ್ದೆವು!

ಈಗ ನನಗೆ ವಯಸ್ಸಾಗಿದೆ, ನಳಿಗೆ ಸವೆದಿದೆ. ಪಂದ್ಯಕ್ಕೆ ಬೇರೆ ರೈಫಲ್ ಹೋಗುತ್ತದೆ. ನಾನು ಬೀಗ ಹಾಕಿದ ಕಪಾಟಿನಲ್ಲಿದ್ದೇನೆ. ಎಣ್ಣೆ ಒರೆಸುವಾಗ ಪೊನ್ನಮ್ಮ ಆ ಪೆನ್ಸಿಲ್ ಗೆರೆಯನ್ನು ಮಾತ್ರ ಬಿಟ್ಟು ಒರೆಸುತ್ತಾಳೆ.

ಮೊನ್ನೆ ಗುಂಪಿನಲ್ಲಿ ಯಾರೋ ಹುಡುಗಿ ಅದೇ ಪ್ರಶ್ನೆ ಕೇಳಿದ್ದಳು. ಪೊನ್ನಮ್ಮ ಸರಸರನೆ ಗಂಟಿನ ಕಥೆ ಬರೆಯತೊಡಗಿದಳು. ಆಮೇಲೆ ತೊಡೆಯ ಮೇಲಿದ್ದ ನನ್ನ ಗೆರೆಯನ್ನು ನೋಡಿ, ಬರೆದದ್ದನ್ನೆಲ್ಲ ಅಳಿಸಿದಳು. ಹೊಸದಾಗಿ ಬರೆದದ್ದನ್ನು ಬಾಯಿಬಿಟ್ಟು ಓದಿಕೊಂಡಳು:

"ನಿಮ್ಮ ರೈಫಲ್ ನಾನು ಹಿಡಿದಿಲ್ಲ. ಭಾನುವಾರ ಮನೆಗೆ ತನ್ನಿ. ಪಂದ್ಯಕ್ಕೆ ಉಡುವ ಸೀರೆಯನ್ನೂ ತನ್ನಿ."