ಬಡಿಸುವವಳು

“ರಾಣಿ ಬಂದಳು,” ಎಂದು ತನ್ನಷ್ಟಕ್ಕೇ ಹೇಳಿಕೊಂಡು ತೃಷಾ ಎಂಟನೆಯ ಎಲೆಯ ತುದಿಗೆ ಅರ್ಧ ಚಮಚ ಉಪ್ಪು ಹಾಕಿದಳು. ಒಂದು ಹರಳೂ ಹೊರಗೆ ಬೀಳಲಿಲ್ಲ. ಅಣ್ಣನ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದಮಯಂತಿ ಬಿಗಿಹಿಡಿದ ಉಸಿರು ಬಿಟ್ಟಳು.

ಮಗಳಿಗೆ ಹತ್ತೊಂಬತ್ತು ತುಂಬಿತ್ತು. ಬುದ್ಧಿ ಮಾತ್ರ ಏಳೆಂಟರ ಅಂಗಳದಲ್ಲೇ ಆಡಿಕೊಂಡಿತ್ತು. ಹತ್ತು ಸಲ ಹೇಳಿದ್ದನ್ನೂ ಮರೆಯುವ ಹುಡುಗಿ ಕಥೆಯಾಗಿ ಹೇಳಿದ್ದನ್ನು ಮರೆಯುತ್ತಿರಲಿಲ್ಲ. ಹಾಗಾಗಿ ಕಲ್ಲುಗುಂಡಿಯ ತನ್ನ ಮನೆಯಲ್ಲಿ ದಮಯಂತಿ ಬಾಳೆಎಲೆಯನ್ನೇ ಒಂದು ರಾಜ್ಯ ಮಾಡಿದ್ದಳು. ತುದಿ ಎಡಕ್ಕೆ, ಅಲ್ಲಿ ಉಪ್ಪಿನ ರಾಣಿಯ ಅರಮನೆ. ಮೊದಲು ರಾಣಿ ಬರಬೇಕು, ಆಮೇಲೆ ಅವಳ ಸಿಡುಕಿನ ಮಗಳು ಉಪ್ಪಿನಕಾಯಿ. ಮೂರು ತಿಂಗಳು, ದಿನಾ ಮಧ್ಯಾಹ್ನ ಇದೇ ಕಥೆ. ಮೊದಮೊದಲು ರಾಣಿ ಎಲೆಯ ಹೊರಗೇ ಬೀಳುತ್ತಿದ್ದಳು.

ಹೋದ ವಾರ ಕಾಣಿಯೂರಿನಿಂದ ಅಣ್ಣ ಬೋಜಪ್ಪ ತನ್ನ ಮಗಳ ನಿಶ್ಚಿತಾರ್ಥಕ್ಕೆ ಕರೆಯಲು ಫೋನು ಮಾಡಿದಾಗ ದಮಯಂತಿ ಅತ್ತೇಬಿಟ್ಟಿದ್ದಳು. “ನಮ್ಮ ಹೇಮಶ್ರೀಯ ನಿಶ್ಚಿತಾರ್ಥಕ್ಕೆ ತೃಷಾಳನ್ನೂ ಕರಕೊಂಡು ಬಾ. ಉಪ್ಪು ಅವಳೇ ಬಡಿಸ್ಲಿ.” ಇಷ್ಟು ವರ್ಷ ಮದುವೆ, ಪೂಜೆ ಎಂದು ಕುಟುಂಬದ ಯಾವ ಜಂಬರಕ್ಕೂ ಮಗಳನ್ನು ಯಾರೂ ಕರೆದದ್ದಿಲ್ಲ. ನಾಲ್ಕು ಜನರ ಎದುರು ಇವಳೂ ನಮ್ಮವಳೇ ಎಂದಾಗಬೇಕು. ದಮಯಂತಿಗೆ ಬೇಕಿದ್ದದ್ದು ಅಷ್ಟೇ.

ಎಂಟನೆಯ ಎಲೆಯ ಮುಂದೆ ಕೂತಿದ್ದ ಹುಡುಗನ ತಾಯಿ ತಲೆಯೆತ್ತಿದರು. “ಎಷ್ಟು ಚಂದ ಬಡಿಸ್ತಾಳೆ! ಯಾರು ಬೋಜಪ್ಪಣ್ಣ ಈ ಹುಡುಗಿ?”

“ಅದಾ? ಕೆಲಸಕ್ಕೆ ಬರುದು ಅಕ್ಕ. ಪಾಪದ್ದು.”

ಅಣ್ಣ ಅಡುಗೆಮನೆಗೆ ಕಾಲಿಟ್ಟದ್ದೇ ದಮಯಂತಿ ಅಡ್ಡ ನಿಂತಳು.

“ಎಂತ ಹೇಳಿದ್ದು ನೀನು?”

“ಮೆಲ್ಲ ಮಾತಾಡು ಮಾರಾಯ್ತಿ. ಉಂಗುರ ಹಾಕಿ ಒಂದು ಗಂಟೆ ಆಗ್ಲಿಲ್ಲ. ಕುಟುಂಬದಲ್ಲಿ ಹೀಗೊಂದು ಉಂಟು ಅಂತ ಗೊತ್ತಾದ್ರೆ ಅವರು ಸುಮ್ಮನೆ ಇರ್ತಾರಾ?”

“ಮತ್ತೆ ಬಾಯಿ ತುಂಬ ಕರೆದದ್ದು ಯಾಕೆ?”

“ಬಡಿಸ್ಲಿಕ್ಕೆ ಜನ ಕಮ್ಮಿ ಇತ್ತು. ಎಲ್ಲ ಕಲಿತಿದ್ದಾಳೆ ಅಂತ ನೀನೇ ಹೇಳಿದ್ದಲ್ವಾ? ಸುಮ್ಮನೆ ಕೂತ್ರೆ ಯಾರ ಮಗಳು ಅಂತ ಕೇಳ್ತಾರೆ. ಬಡಿಸುವವಳ ಮನೆತನ ಯಾರು ಕೇಳುದು?”

ಆ ಮೂರು ತಿಂಗಳ ಮಧ್ಯಾಹ್ನಗಳಲ್ಲಿ ತಾನು ಇವನಿಗೊಬ್ಬ ಆಳನ್ನು ತಯಾರು ಮಾಡಿಕೊಟ್ಟೆನಲ್ಲ ಎಂದು ದಮಯಂತಿಗೆ ಅನ್ನಿಸಿತು.

ಎರಡನೇ ಪಂಕ್ತಿಗೆ ಮನೆಯವರು ಕೂತರು. ಅತ್ತಿಗೆ ತೃಷಾಳ ಊಟವನ್ನು ಸ್ಟೀಲಿನ ತಟ್ಟೆಗೆ ಹಾಕಿ, ಹಿಂದಿನ ಜಗಲಿಯಲ್ಲಿ ಪಾತ್ರೆ ತೊಳೆಯುವ ದುಗ್ಗಮ್ಮನ ಪಕ್ಕ ಇಟ್ಟಿದ್ದಳು. ದಮಯಂತಿ ಆ ತಟ್ಟೆಯನ್ನು ನೋಡಿದಳು. ಮಗಳ ಕೈ ಹಿಡಿದು ಚಾವಡಿಗೆ ನಡೆದವಳು ಖಾಲಿ ಇದ್ದ ಎರಡು ಎಲೆಗಳ ಮುಂದೆ ಕೂತುಬಿಟ್ಟಳು.

ಅನ್ನದ ಬಾಲ್ದಿ ಹಿಡಿದು ಬಂದ ಬೋಜಪ್ಪ ಅವರಿಬ್ಬರನ್ನು ದಾಟಿ ಮುಂದಿನ ಎಲೆಗೆ ಬಗ್ಗಿದ.

“ಮಾವಾ!” ಚಾವಡಿಗೆಲ್ಲ ಕೇಳುವಂತೆ ತೃಷಾ ಕರೆದಳು. “ನನಗೆ ಹಾಕ್ಲಿಲ್ಲ. ಅಮ್ಮನಿಗೂ ಹಾಕ್ಲಿಲ್ಲ.”

ಊಟ ಮುಗಿಸಿ ಚಾವಡಿಯ ಕುರ್ಚಿಯಲ್ಲಿ ಕೂತು ವೀಳ್ಯದೆಲೆ ಮಡಚುತ್ತಿದ್ದ ಹುಡುಗನ ತಾಯಿಯ ಬೆರಳುಗಳು ನಿಂತವು. ಬೋಜಪ್ಪ ತಿರುಗಲೂ ಇಲ್ಲ, ಬಡಿಸಲೂ ಇಲ್ಲ. ಬಗ್ಗಿದಲ್ಲೇ ನಿಂತ ಅವನ ಸಟ್ಟುಗದಿಂದ ಹಬೆ ಮೆಲ್ಲನೆ ಏಳುತ್ತಿತ್ತು.